ಹದಿನಾಲ್ಕನೇ ಹೈನ್ರಿಶ್

21 ಅಕ್ಟೋಬರ್ 2023, ಶನಿವಾರ

ಇಂದು ಬೀಳಿಸಬಾರದ್ದನ್ನು ಬೀಳಿಸಿದೆ. ಎಲಿಕಾಟ್ ಸಿಟಿಯ ಡಾಕ್ಟರ್ ಪದ್ಮನಾಭ ಅಂಕಲ್ ನಲವತ್ತು ವರ್ಷ ಕೂಡಿಸಿದ ನಾಣ್ಯಗಳ ಟ್ರೇ. ಎಲ್ಲವೂ ರಾಯ್ಸ್ ಎಂಬ ಪುಟ್ಟ ಜರ್ಮನ್ ಸಂಸ್ಥಾನದವು. ಅಂಕಲ್‌ಗೆ ಈಗ ಕಣ್ಣು ಕಾಣುವುದಿಲ್ಲ.

ಅವರು ಬೈಯಲಿಲ್ಲ. ಕಾರ್ಪೆಟ್ ಮೇಲೆ ಕೂತು, ಒಂದೊಂದನ್ನೂ ಬೆರಳಿನಿಂದ ಸವರಿ ಅದರದರ ಗುಳಿಯಲ್ಲಿ ಇಡತೊಡಗಿದರು. "ಆ ಮನೆತನದ ಗಂಡುಮಕ್ಕಳಿಗೆಲ್ಲ ಹೈನ್ರಿಶ್ ಅಂತ್ಲೇ ಹೆಸ್ರು ಕಣಮ್ಮ, ನಂಬರ್ ಮಾತ್ರ ಬೇರೆ. ಇವ್ನು ಇಪ್ಪತ್ತೆರಡನೆಯವ್ನು."

ನಾನು ಅಳುತ್ತಿದ್ದುದು ಕೇಳಿಸಿತೇನೋ, ಒಂದನ್ನು ನನ್ನತ್ತ ಚಾಚಿದರು. "ಇದು ಗೊತ್ತಾಗ್ತಿಲ್ಲ, ನೀನೇ ಓದಿ ಹೇಳು."

"ಹದಿನಾಲ್ಕನೇ ಹೈನ್ರಿಶ್, ಅಂಕಲ್."

"ನೀನಿಲ್ದಿದ್ರೆ ಕಷ್ಟ ಆಗ್ತಿತ್ತು" ಎಂದು ಅದನ್ನು ಟ್ರೇಯಲ್ಲಿಟ್ಟರು. ಇನ್ನೂ ಹತ್ತಾರು ಗುಳಿಗಳು ಖಾಲಿಯಿದ್ದವು. ಆದರೆ ಅವರ ಎಡಗೈ ಬೆರಳು, ನಾನು ಓದುವ ಮೊದಲೇ, ಅದೇ ಗುಳಿಯ ಮೇಲೆ ಕಾದಿತ್ತು.