ಗಾಡಿಯ ಎಡ, ನನ್ನ ಎಡ

ಪ್ರೀತಿಯ ಕತ್ತರಿಗೆ,

ಮನೆಯವರೆಲ್ಲ ಕರೆಯುತ್ತಿದ್ದ ಹೆಸರಿನಿಂದಲೇ ನಾನೂ ಕರೆಯುತ್ತಿದ್ದೇನೆ. ಇದು ನಿನ್ನ ಭಾವ ಬರೆಯುವ ಪತ್ರ. ಅಕ್ಷರ ನೋಡಿದ ಕೂಡಲೇ ಮೂಲೆಗೆ ಎಸೆಯಬೇಡ. ಎಸೆದರೆ ನಿನ್ನ ಅಕ್ಕ ಫೋನಿನಲ್ಲಿ ವಿಷಯ ಹೇಳುತ್ತಾಳೆ, ಅವಳು ಹೇಳಿದರೆ ನನ್ನ ಮರ್ಯಾದೆ ಇನ್ನಷ್ಟು ಹೋಗುತ್ತದೆ. ನಾವಿಬ್ಬರೂ ಮಾತು ಬಿಟ್ಟು ಹನ್ನೊಂದು ವರ್ಷವಾಯಿತು. ಬಿಟ್ಟವನು ನೀನು, ಬಿಡುವಂತೆ ಮಾಡಿದವನು ನಾನು. ಈಚೆಗೆ ಒಂದು ವಿಷಯ ಗೊತ್ತಾಗಿ ಮನಸ್ಸು ಹಗುರವಾಗಿದೆ. ನಾಚಿಕೆಯೂ ಆಗಿದೆ, ಆದರೆ ಹಗುರವೇ ಹೆಚ್ಚು.

ನಮ್ಮ ಕಾರಿನ ವಿಷಯ. ನಮ್ಮಿಬ್ಬರಿಗಿಂತಲೂ ವಯಸ್ಸಾದ ಆ ಇಂಗ್ಲೆಂಡಿನ ಕಾರು: ಎರಡೇ ಸೀಟು, ತಲೆಯ ಮೇಲೆ ಬಟ್ಟೆಯ ಹೊದಿಕೆ, ಸೈಕಲ್ಲಿಗಿರುವಂತೆ ಕಡ್ಡಿಯ ಚಕ್ರ. ಅಕ್ಕ ಅದಕ್ಕೆ ಸವತಿ ಎಂದು ಹೆಸರಿಟ್ಟಿದ್ದಳು. ನಾವು ಅದರಲ್ಲಿ ಓಡಾಡಿದ್ದಕ್ಕಿಂತ ಅದಕ್ಕಾಗಿ ಓಡಾಡಿದ್ದೇ ಹೆಚ್ಚು. ಭಾನುವಾರ ಬಂತೆಂದರೆ ನಾನು ಫೋಟೋ ಸ್ಟುಡಿಯೋಗೆ ಬೀಗ ಹಾಕುತ್ತಿದ್ದೆ, ನೀನು ಹೊಲಿಗೆ ಅಂಗಡಿಯ ಶಟರ್ ಎಳೆಯುತ್ತಿದ್ದೆ, ಇಬ್ಬರೂ ಗುಜರಿ ಅಂಗಡಿಗಳಿಗೆ ಲಗ್ಗೆ ಇಡುತ್ತಿದ್ದೆವು. ಹಿಂದಿನ ದೀಪದ ಗಾಜು ಒಂದು ಹಳೆಯ ದೋಣಿಯ ಮೇಲೆ ಸಿಕ್ಕಿತು. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಹಲ್ಲಿನ ಡಾಕ್ಟರ ಮೇಜಿನ ಮೇಲೆ, ಕಾಗದ ಹಾರದಂತೆ ಕೂತಿತ್ತು. ಕೇಳಲು ಧೈರ್ಯ ಸಾಲದೆ ನೀನು ಹಲ್ಲುನೋವೆಂದು ಮೂರು ಸಲ ಹೋದೆ; ಮೂರನೆಯ ಸಲ ಒಂದು ಹಲ್ಲು ಕೊಟ್ಟು ಮುಚ್ಚಳ ತಂದೆ. ಅಷ್ಟು ನಕ್ಕ ದಿನಗಳು ನನಗೆ ಆಮೇಲೆ ಬರಲಿಲ್ಲ.

ಕೊನೆಗೆ ಉಳಿದದ್ದು ಮುಂದಿನ ಚಕ್ರಗಳು ಕೂರುವ ಎರಡು ಹಬ್. ನಮ್ಮವು ಸವೆದಿದ್ದವು. ದೂರದ ಊರಿನಲ್ಲಿ ಅಂಥದೇ ಒಂದು ಕಾರು ತುಕ್ಕು ಹಿಡಿದು ನಿಂತಿದೆ ಎಂದು ತಿಳಿದು ನಾನೊಬ್ಬನೇ ಹೋದೆ. ಎರಡೂ ಹಬ್ಬನ್ನು ಅವುಗಳ ನಟ್ಟಿನ ಸಮೇತ ಬಿಚ್ಚಿಸಿ, ಗೋಣಿಯಲ್ಲಿ ಸುತ್ತಿ, ಒಂದಕ್ಕೆ ಎಡ, ಇನ್ನೊಂದಕ್ಕೆ ಬಲ ಎಂದು ಚೀಟಿ ಅಂಟಿಸಿ ತಂದೆ. ನೀನು ಚೀಟಿ ನೋಡಿ ಜೋಡಿಸಿದೆ. ಪ್ರತಿ ಚಕ್ರದ ನಡುವೆ ಎರಡು ಕಿವಿಯ ದೊಡ್ಡ ನಟ್ ಒಂದೇ; ತಾಮ್ರದ ಸುತ್ತಿಗೆಯಿಂದ ಕಿವಿಗೆ ಬಡಿದು ಬಿಗಿ ಮಾಡಬೇಕು. ನೀನು ಬಡಿಯುತ್ತಿದ್ದ ಸದ್ದನ್ನು ನಾನೇ ಪಕ್ಕದಲ್ಲಿ ನಿಂತು ಕೇಳಿದ್ದೆ.

ಜೋಡಿಸಿದ ಎರಡನೆಯ ವಾರ ಅಕ್ಕನನ್ನು ಕೂರಿಸಿಕೊಂಡು ಹೊರಟಾಗ ಸ್ಟೀರಿಂಗ್ ಕಡೆಯ ಮುಂದಿನ ಚಕ್ರ ಕಳಚಿ ನಮಗಿಂತ ಮುಂದೆ ಹೋಯಿತು. ಕಾರು ಗೋಡೆಗೆ ಬಡಿಯಿತು. ಅವಳ ಭುಜದ ಮೂಳೆ ಮುರಿಯಿತು. ಆಸ್ಪತ್ರೆಗೆ ನೀನು ಅಳತೆಯ ಟೇಪು ಕೊರಳಲ್ಲಿರುವಾಗಲೇ ಓಡಿಬಂದೆ. "ಬಿಗಿ ಮಾಡಿದ್ದೆ ಭಾವ" ಎಂದೆ. ನಾನು ನಿನ್ನ ಹೆಂಡತಿಯ ಎದುರು, ನಿನ್ನ ಮಾವನ ಎದುರು, "ಗುಂಡಿ ಹೊಲಿಯೋನ ಕೈಗೆ ನಟ್ಟು ಕೊಟ್ಟಿದ್ದೇ ನನ್ನ ತಪ್ಪು" ಎಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆರು ತಿಂಗಳಲ್ಲಿ ನೀನು ಅಂಗಡಿ ಖಾಲಿ ಮಾಡಿ ಊರು ಬಿಟ್ಟೆ. ತಡೆಯಬೇಕೆನಿಸಿತ್ತು, ತಡೆಯಲಿಲ್ಲ.

ಕಾರು ಶೆಡ್ಡಿನಲ್ಲೇ ಉಳಿಯಿತು. ಹೋದ ತಿಂಗಳು ಅಕ್ಕ, ಸವತಿಯನ್ನು ಓಡಿಸಿ ಇಲ್ಲವೇ ಮಾರಿ ಎಂದು ಕಟ್ಟಪ್ಪಣೆ ಮಾಡಿದಳು. ಗೋಡೆಗೆ ಬಡಿದು ಹಾಳಾದ ಹಬ್ಬಿನ ಬದಲಿಗೆ ಇನ್ನೊಂದು ಬೇಕಿತ್ತು. ಹಳೆಯ ಗಾಡಿಗಳ ಬಿಡಿಭಾಗ ಮಾರುವ ಒಬ್ಬ ಮುದುಕರನ್ನು ಹುಡುಕಿಕೊಂಡು ಹೋಗಿ, ಮುಂದಿನ ಎಡಗಡೆಯದು ಕೊಡಿ ಎಂದೆ.

"ನಿಮ್ಮ ಎಡವೋ, ಗಾಡಿ ಎಡವೋ?" ಎಂದರು.

ಎಡ ಎಂದರೆ ಎಡ, ಅದರಲ್ಲೇನು ಎಂದೆ. ಸ್ಟೀರಿಂಗ್ ಇರುವ ಕಡೆಯದೇ ಎಂದು ಕೇಳಿದರು. ಹೌದೆಂದೆ. "ಅದು ಬಲ ಸ್ವಾಮಿ. ಗಾಡಿಯೊಳಗೆ ಕೂತು ಹೇಳಬೇಕು, ಎದುರಿಗೆ ನಿಂತಲ್ಲ."

ಬಲದ ಹಬ್ಬನ್ನೇ ಕೊಟ್ಟರು. ಅದರ ಮರೆ, ಅಂದರೆ ನಟ್ ಏರುವ ಸುರುಳಿ ಗೆರೆ, ಉಲ್ಟಾ ಸುತ್ತುತ್ತದೆ, ಎಡದ್ದು ನೇರ. ಚಕ್ರ ಉರುಳಿದಷ್ಟೂ ನಟ್ ತಾನೇ ಬಿಗಿಯಾಗಲಿ ಎಂದು ಹಾಗೆ ಮಾಡಿದ್ದಾರೆ, ಅದಲು ಬದಲಾದರೆ ಉರುಳಿದಷ್ಟೂ ಬಿಚ್ಚಿಕೊಳ್ಳುತ್ತದೆ ಎಂದೂ ಹೇಳಿದರು. ಮನೆಗೆ ಬಂದು, ಕಾರಿನ ಎಡಗಡೆ ನೀನು ಕೂರಿಸಿದ ಹಬ್ಬಿನ ಪಕ್ಕ ಇದನ್ನು ಹಿಡಿದು ನೋಡಿದೆ. ಅದರ ಮರೆಯೂ ಉಲ್ಟಾ. ಎರಡೂ ಬಲಗಡೆಯವು. ಅಂದು ನಾನು ಎಡ ಎಂದು ಚೀಟಿ ಅಂಟಿಸಿದ್ದು ಬಲದ್ದಕ್ಕೆ.

ಮೂವತ್ತು ವರ್ಷ ಗುಂಪು ಫೋಟೋಗಳ ಕೆಳಗೆ "ಎಡದಿಂದ ಬಲಕ್ಕೆ" ಎಂದು ಬರೆದ ಕೈ ನನ್ನದು. ಎದುರಿಗೆ ಯಾರು ನಿಂತರೂ ಅವರ ಎಡ ನನ್ನ ಎಡವೇ. ಆ ತುಕ್ಕು ಕಾರಿನ ಎದುರಿಗೆ ನಿಂತು ಹಾಗೇ ಚೀಟಿ ಬರೆದಿದ್ದೆ. ನೀನು ದರ್ಜಿ. ನಿನಗೆ ಎಡತೋಳೆಂದರೆ ಅಂಗಿ ತೊಡುವವನ ಎಡತೋಳು. ನೀನು ಸರಿಯಾಗಿಯೇ ಓದಿದೆ, ಸರಿಯಾಗಿಯೇ ಬಿಗಿ ಮಾಡಿದೆ. ನೂರು ಸಲ ಬಡಿದಿದ್ದರೂ ಆ ಚಕ್ರ ನಿಲ್ಲುತ್ತಿರಲಿಲ್ಲ. ನನ್ನನ್ನು ಕ್ಷಮಿಸು.

ಅಕ್ಕನಿಗೆ ಹೇಳಿದೆ. ಎರಡು ದಿನ ನನ್ನ ಊಟ ನಾನೇ ಬಡಿಸಿಕೊಂಡೆ. ಮೂರನೆಯ ದಿನ, "ಫೋನ್ ಬೇಡ, ಬರೆದು ಕಳಿಸಿ. ಅವನ ಹತ್ರ ಇರ್ಲಿ" ಎಂದಳು. ನಿನ್ನ ಮಾವನ ಮನೆಗೂ ಹೋಗಿ, ಅವರ ಎದುರು ಆಡಿದ ಮಾತನ್ನು ಅವರ ಎದುರೇ ಹಿಂದಕ್ಕೆ ತೆಗೆದುಕೊಂಡೆ. ಅವರಿಗೀಗ ಕಿವಿ ಮಂದ. ಎರಡು ಸಲ ಕೂಗಿ ಹೇಳಬೇಕಾಯಿತು, ಅಕ್ಕಪಕ್ಕದವರಿಗೂ ಕೇಳಿಸಿತು. ಒಳ್ಳೆಯದೇ ಆಯಿತು.

ಮುದುಕರ ಬಳಿ ಇನ್ನೊಮ್ಮೆ ಹೋಗಿ, "ಗಾಡಿ ಎಡ" ಎಂದು ಒತ್ತಿ ಹೇಳಿ ಎಡದ್ದನ್ನೂ ತಂದಿದ್ದೇನೆ. ಈಗ ಎರಡೂ ಅವುಗಳ ಜಾಗದಲ್ಲಿವೆ. ಎಂಜಿನ್ ಮೂರನೆಯ ಪ್ರಯತ್ನಕ್ಕೇ ಎದ್ದಿತು. ಮುಂದಿನ ಚಕ್ರಗಳ ನಟ್ಟನ್ನು ಮಾತ್ರ ಕೈಯಲ್ಲಿ ತಿರುಗಿಸಿ ಬಿಟ್ಟಿದ್ದೇನೆ. ನಿನ್ನೆ ಸುತ್ತಿಗೆ ಎತ್ತಿಕೊಂಡಾಗ ಅಕ್ಕ ಬಂದು ಕಿತ್ತುಕೊಂಡಳು. "ನನ್ನ ತಮ್ಮ ಬಂದು ಬಿಗಿ ಮಾಡ್ಲಿ. ಆಮೇಲೆ ಕೂತ್ಕೋತೀನಿ" ಎಂದಳು.

ಮುರಿದದ್ದು ಅವಳ ಮೂಳೆ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಅವಳು ನಿನ್ನ ಕೈಯನ್ನು ಅನುಮಾನಿಸಲಿಲ್ಲ ಎಂದು ನನಗೆ ನಿನ್ನೆಯಷ್ಟೇ ತಿಳಿಯಿತು. ಬಾರೋ.

ಸೂಜಿಗೆ ದಾರ ಏರಿಸುವ ನಿನ್ನ ಕಣ್ಣು ನೂರು ವರ್ಷ ಚೆನ್ನಾಗಿರಲಿ, ಹೆಂಡತಿ ಮಕ್ಕಳೊಂದಿಗೆ ಸುಖವಾಗಿರು.

ದಾರಿ ನೋಡುತ್ತಿರುವ,
ನಿನ್ನ ಭಾವ