ಅಪ್ಪನ ಕಪ್ಪು ಚೌಕ

ಆಗಸ್ಟ್ 3
ಬಿ.ಎಸ್ಸಿ. ಕೊನೇ ವರ್ಷ. ಜೀನ್ ತಿದ್ದುವ ಪಾಠ. ಸೀಮೆಸುಣ್ಣದ ಜೊತೆ ಗಂಟಲೂ ಸವೆಯಿತು. ಹಿಂದಿನ ಬೆಂಚಿನವನೊಬ್ಬ, "ಮೇಡಂ, ನಮ್ಮ ಮಾವನ ಜಿಪುಣತನ ತಿದ್ದೋಕಾಗುತ್ತಾ?" "ಅದು ಜೀನಲ್ಲಪ್ಪ, ನಿಮ್ಮ ಮಾವನೇ." ಎಲ್ಲರೂ ನಕ್ಕರು.
ಪ್ರತಿ ವರ್ಷದ ಹೋಂವರ್ಕ್ ಕೊಟ್ಟೆ: ಮನೆಯ ವಂಶವೃಕ್ಷ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ಕಾಯಿಲೆಯವರಿಗೆ ಕಪ್ಪು. ಕೆಳಗೆ ಉತ್ತರಿಸಬೇಕಾದ ಪ್ರಶ್ನೆ: ಹುಟ್ಟುವ ಮೊದಲೇ ಯಾರನ್ನು ತಿದ್ದಬೇಕಿತ್ತು, ಅದು ಸರಿಯೇ?

ಆಗಸ್ಟ್ 10
ಜಡೆಯಲ್ಲಿ ಪೆನ್ಸಿಲ್ ಸಿಕ್ಕಿಸಿಕೊಂಡು ಬರುವ ಹುಡುಗಿ — ನನಗೆ ಅವಳು ಪೆನ್ಸಿಲ್ಲೇ — ಎಲ್ಲರಿಗಿಂತ ಚೆನ್ನಾಗಿ ಬರೆದಿದ್ದಾಳೆ. ಅಜ್ಜ ಕಪ್ಪು: ಮಿದುಳು ಸವೆಯುವ ಕಾಯಿಲೆ, ವಿಪರೀತ ಸಿಟ್ಟು, ಆಸ್ಪತ್ರೆಯಲ್ಲೇ ಸಾವು. ಅಪ್ಪನೂ ಕಪ್ಪು. ಪಕ್ಕದಲ್ಲಿ ಸಣ್ಣಕ್ಷರ: 'ಅಮ್ಮನ ಪಕ್ಕೆಲುಬು ಮುರಿದದ್ದು ಅಪ್ಪನಲ್ಲ, ಅಜ್ಜನ ಜೀನ್. ತಿದ್ದಬೇಕಿತ್ತು.'
ಹತ್ತಕ್ಕೆ ಹತ್ತು. ನೋಟಿಸ್ ಬೋರ್ಡಿಗೆ ಚುಚ್ಚಿದೆ. ಅವಳನ್ನು ಒಂದು ಮಾತು ಕೇಳಲಿಲ್ಲ. ಯಾವ ವರ್ಷವೂ ಯಾರನ್ನೂ ಕೇಳಿದವಳಲ್ಲ.

ಆಗಸ್ಟ್ 12, ರಾತ್ರಿ
ಪೇರೆಂಟ್ಸ್ ಮೀಟಿಂಗಿಗೆ ಬಂದ ಅವಳಪ್ಪ ಬೋರ್ಡು ನೋಡಿದ. ನಾವಿಬ್ಬರೂ ಇದ್ದ ಲ್ಯಾಬಿಗೆ ನುಗ್ಗಿದ. ಗಾಜಿನ ಜಾಡಿ ನನ್ನ ಕಿವಿ ಸವರಿಕೊಂಡು ಗೋಡೆಗೆ ಬಿತ್ತು. ಮಗಳ ಜಡೆ ಹಿಡಿದು ತಲೆಯನ್ನು ಸಿಂಕಿಗೆ ಬಡಿದ. ಎರಡು ಸಲ. ಬಿಡಿಸಲು ಹೋದೆ, ಒಡೆದ ಗಾಜಿನಿಂದ ನನ್ನ ಬಲಗೈ ಸೀಳಿದ. ಅಟೆಂಡರ್ ಸ್ಟೂಲ್ ಎತ್ತಿ ಅವನ ಬೆನ್ನಿಗೆ ಬಾರಿಸಿದ ಮೇಲೆ ಬಿಟ್ಟ.
ಹುಬ್ಬಿನಿಂದ ರಕ್ತ ಸುರಿಯುತ್ತಿತ್ತು, ಆದರೂ ಪೆನ್ಸಿಲ್: "ಬೈಬೇಡಿ ಮೇಡಂ. ಅವರಿಗೆ ಹುಷಾರಿಲ್ಲ."
ಆಸ್ಪತ್ರೆಯಲ್ಲಿ ಅವಳಮ್ಮನದೂ ಅದೇ ಮಾತು. "ಕಾಯಿಲೆ ಮನುಷ್ಯನ್ನ ಬಿಟ್ಟು ಹೋಗೋಕಾಗುತ್ತಾ?"

ಆಗಸ್ಟ್ 15
ಇನ್ನೂ ಎಡಗೈಯಲ್ಲೇ ಬರೆಯುತ್ತಿದ್ದೇನೆ. ಒಂಬತ್ತು ಹೊಲಿಗೆ. ಅವನನ್ನು ಕೊಂದುಹಾಕಬೇಕು ಅನ್ನಿಸುತ್ತದೆ. ಆದರೆ ಆ ಹಾಳೆಗೆ ಪಿನ್ನು ಚುಚ್ಚಿದ್ದು ಯಾರು? ನಾನೇ...
ಅವನಿಗೆ ಜಾಮೀನು ಸಿಕ್ಕಿದೆ. ಜೀನ್ ಪರೀಕ್ಷೆಗೆ ತಾನೇ ರಕ್ತ ಕೊಟ್ಟನಂತೆ. ಕಾಯಿಲೆ ಅಂತ ಸಾಬೀತಾದರೆ ಕೇಸು ಹಗುರ.

ಸೆಪ್ಟೆಂಬರ್ 21
ತಾಯಿ ಮಗಳು ರಿಪೋರ್ಟ್ ಹಿಡಿದು ಮನೆಗೇ ಬಂದರು. ಮೂರು ಸಲ ಓದಿದೆ. ಅವನಿಗೆ ಆ ಜೀನ್ ಬಂದೇ ಇಲ್ಲ. ಹಾಗಾಗಿ ಮಗಳಿಗೂ ಇಲ್ಲ. ಬಿಡಿಸಿ ಹೇಳಿದೆ.
ಅಮ್ಮ ರಿಪೋರ್ಟ್ ಮಡಿಸಿದರು, ಮತ್ತೆ ಬಿಡಿಸಿ ನೋಡಿದರು. ಆಮೇಲೆ, "ಹಂಗಾದ್ರೆ ಅಷ್ಟೂ ಹೊಡೆದಿದ್ದು... ಅವರೇನಾ?"
ಪೆನ್ಸಿಲ್ ಹಳೇ ಹಾಳೆ ತೆಗೆದು ಅಪ್ಪನ ಚೌಕವನ್ನು ರಬ್ಬರಿನಿಂದ ಉಜ್ಜಿದಳು. ಕಾಗದ ಹರಿಯಿತು. ಇಬ್ಬರನ್ನೂ ಇಲ್ಲೇ ಉಳಿಸಿಕೊಂಡೆ.

ಸೆಪ್ಟೆಂಬರ್ 22, ಬೆಳಿಗ್ಗೆ 8.10
ಗೇಟ್ ಮುರಿದ. ಕೈಯಲ್ಲಿ ರಾಡು. ಪೊಲೀಸರು ಹತ್ತು ನಿಮಿಷ ಅಂದಿದ್ದಾರೆ. ಸಾಕ್ಷಿಗಿರಲಿ ಅಂತ ಬರೆಯುತ್ತಿದ್ದೇನೆ.
"ನಂಗೆ ಹುಷಾರಿಲ್ಲ ಕಣೇ! ಬಾಗಿಲು ತೆಗಿ!"
ಅಮ್ಮ ಎದ್ದರು. ಮಗಳು ಸೆರಗು ಹಿಡಿದಳು, ಬಿಡಿಸಿಕೊಂಡು ಬಾಗಿಲಿಗೆ ಹೋದರು. ಕೈ ಮೇಲೆತ್ತಿ... ಮೇಲಿನ ಚಿಲಕವನ್ನೂ ಹಾಕಿದರು.
"ನಿಮಗೇನೂ ಆಗಿಲ್ಲ. ರಿಪೋರ್ಟ್ ಬಂದಿದೆ."
ಹಲಗೆ ಸೀಳಿತು. ರಾಡಿನ ತುದಿ ಒಳಗೆ ಬಂತು. ಅಮ್ಮ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಾರೆ, ಪೆನ್ಸಿಲ್ಲೂ, ನಾನು ಹೋಗಿ