ಬೆಕ್ಕಿನ ಪಾಲು

ಸಫಾಕ್ಸ್
ಗುರುವಾರ, ೧೪ ಮಾರ್ಚ್ ೧೯೮೫

ಪ್ರೀತಿಯ ತಮ್ಮ ಲಮೀನ್‌ಗೆ,

ಹಡಗಿನ ಅಡುಗೆಮನೆಯ ಹೊಗೆಯಲ್ಲಿ ನಿನ್ನ ಕೆಮ್ಮು ಹೇಗಿದೆ? ಬೆನ್ನು ನೋವು ಕಡಿಮೆಯಾಯಿತೆ? ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಕ್ಷೇಮ ವಿಚಾರಿಸಿಯಾಯಿತು, ಇನ್ನು ಬೈಯುತ್ತೇನೆ.

ಅಮ್ಮನ ಮಡಿಲಲ್ಲಿ ಕೂತ ನಿನ್ನ ಬೆಕ್ಕು ಬರ್ಕೂಕನ ಫೋಟೋ ಕಳಿಸಿದರೆ, ನಾನು ಸೋಮಾರಿತನದಿಂದ ಉಳಿದದ್ದನ್ನೆಲ್ಲ ಸುರಿದು ಅದನ್ನು ಕೊಲ್ಲುತ್ತಿದ್ದೇನೆ ಎಂದು ಬರೆದೆಯಲ್ಲ, ನಿನಗೆ ನಾಚಿಕೆಯಾಗಲಿಲ್ಲವೆ? ಸಮುದ್ರದ ಮಧ್ಯೆ ಕೂತು ಬುದ್ಧಿ ಹೇಳುವುದು ಬಲು ಸುಲಭ. ಈ ದಢೂತಿಯನ್ನು ಬುಟ್ಟಿಯಲ್ಲಿ ಹೊತ್ತು ಪಶುವೈದ್ಯರ ಹತ್ತಿರ ಹೋದವಳು ನಾನು. ಅವರು ತೂಗಿ ನೋಡಿ, ಬೆಳಿಗ್ಗೆ ಒಂದು ಕಾಫಿ ಬಟ್ಟಲು ಬೇಯಿಸಿದ ಮೀನು, ಸಂಜೆ ಅರ್ಧ ಬಟ್ಟಲು, ಅಷ್ಟೇ ಸಾಕು ಎಂದರು. ಬಟ್ಟಲಿನ ಅಂಚನ್ನು ಚಾಕುವಿನಿಂದ ಸವರಿ ಅಳೆದು ಹಾಕಿದೆ. ಆದರೂ ಊದಿತು. ಮತ್ತೆ ಹೋದರೆ, “ಇಷ್ಟಕ್ಕೇ ಹೀಗೆ ಊದಲ್ಲಮ್ಮ, ಇನ್ಯಾರೋ ಹಾಕ್ತಿದಾರೆ” ಎಂದುಬಿಟ್ಟರು. ಪಕ್ಕದ ಮನೆಯ ಹಸೀಬಾಳೇ ಇರಬೇಕೆಂದು ಜಗಳಕ್ಕೆ ಹೋದೆ. “ನಮ್ಮ ಮಕ್ಕಳಿಗೇ ಮೀನು ಸಾಲಲ್ಲ, ನಿಮ್ಮ ಬೆಕ್ಕಿಗೆ ಔತಣ ಹಾಕ್ಲಾ?” ಎಂದು ಮುಖಕ್ಕೆ ಹೊಡೆದಂತೆ ಹೇಳಿ ಬಾಗಿಲು ಹಾಕಿಕೊಂಡಳು. ನಿನ್ನ ಬೆಕ್ಕಿನ ದೆಸೆಯಿಂದ ನೆರೆಮನೆಯ ಮಾತೂ ನಿಂತಿತು.

ಕಳ್ಳರು ಮನೆಯಲ್ಲೇ ಇದ್ದರು. ಎಲ್ಲರೂ ಒಂದೇ ಬೋಗುಣಿಯಿಂದ ಉಣ್ಣುವಾಗ ಇನ್ನೊಬ್ಬರ ಕಡೆ ಕಣ್ಣು ಹಾಯಿಸುವುದು ಮರ್ಯಾದೆಯಲ್ಲ ಎಂದು ನಮಗೆ ಕಲಿಸಿದವಳು ಅಮ್ಮ. ಆ ಮರ್ಯಾದೆಯ ಮರೆಯಲ್ಲೇ ತನ್ನ ಪಾಲಿನ ಗೋಧಿ ರವೆಯ ಕುಸ್‌ಕುಸ್, ಮಾಂಸ, ಎಲ್ಲವನ್ನೂ ಗಿಡ್ಡ ಮೇಜಿನ ಕೆಳಗೆ ಬರ್ಕೂಕನಿಗೆ ದಾಟಿಸುತ್ತಿದ್ದಳು. ನಿನ್ನೆ ಬಿದ್ದ ಚಮಚ ಎತ್ತಲು ಬಗ್ಗಿದಾಗ ಕಂಡೆ. ಕೋಪ ತಡೆಯಲಾಗದೆ ಕೂಗಾಡಿದೆ. ಅವಳು ನಕ್ಕು, “ಇದರ ಹೊಟ್ಟೆ ತುಂಬಿದ್ರೆ ಅಲ್ಲಿ ನನ್ನ ಮಗ ಹಸ್ಕೊಂಡಿರಲ್ಲ ಕಣೇ” ಎಂದಳು. ಹಡಗಿನ ಅಡುಗೆಯವನು ಹಸಿದಿರುತ್ತಾನಂತೆ. ಇನ್ನು ಮುಂದೆ ಊಟದ ಹೊತ್ತಿಗೆ ನಿನ್ನ ಮುದ್ದಿನ ಪ್ರಾಣಿ ಅಂಗಳದಲ್ಲಿ, ಬಾಗಿಲಿಗೆ ಅಗಳಿ. ಕಲ್ಲು ಹೃದಯದವಳು ಎಂದು ಬರೆಯಬೇಕೆನಿಸಿದರೆ ಬರಿ.

ನಿನ್ನ ಭಾವನ ಸಲಾಮು. ದೇವರು ನಿನ್ನನ್ನು ನೆಟ್ಟಗೆ ದಡ ಸೇರಿಸಲಿ, ಜೊತೆಗೆ ಕೊಂಚ ಬುದ್ಧಿಯನ್ನೂ ಕೊಡಲಿ.

ನಿನ್ನ ಅಕ್ಕ,
ವಸೀಲಾ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಈ ಮಧ್ಯಾಹ್ನ ಬೆಕ್ಕನ್ನು ಹೊರಗೆ ಹಾಕಿ ಊಟಕ್ಕೆ ಕೂತೆವು. ಬೋಗುಣಿಯಲ್ಲಿ ಅಮ್ಮನ ಪಾಲು ಇದ್ದ ಹಾಗೇ ಉಳಿಯಿತು. ಬೈದೆ, ಬೇಡಿಕೊಂಡೆ, ಕೊನೆಗೆ ನಾನೇ ತುತ್ತು ಮಾಡಿ ಬಾಯಿಗಿಟ್ಟೆ. ನುಂಗಲಾಗಲಿಲ್ಲ. ಚಳಿಗಾಲದಿಂದಲೂ ಗಂಟಲಲ್ಲಿ ಸಾರು ಬಿಟ್ಟು ಬೇರೇನೂ ಇಳಿಯುತ್ತಿಲ್ಲವಂತೆ. ಅಂಗಿಯೊಳಗೆ ಅವಳ ತೋಳು ಮುಟ್ಟಿ ನೋಡಿದೆ ಲಮೀನ್, ಬರೀ ಮೂಳೆ. ನಾಳೆ ದೊಡ್ಡಾಸ್ಪತ್ರೆಗೆ ಕರೆದೊಯ್ಯುತ್ತೇವೆ. ನಿನಗೆ ತಿಳಿಸಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ. ಮುಂದಿನ ಬಂದರಿನಲ್ಲೇ ಇಳಿದು ಬಾ. ಬೆಕ್ಕಿನ ವಿಷಯ ಒಂದಕ್ಷರ ಕೇಳಬೇಡ.